ಎರವಲು ಕೂದಲು: ಶಿವಮೊಗ್ಗ-ಭದ್ರಾವತಿ ಪ್ರದೇಶದಲ್ಲಿ ಚೌರಿಯ ಇತಿಹಾಸ

ತನ್ನದಲ್ಲದ ಕೂದಲನ್ನು ತಲೆಯ ಮೇಲೆ ಧರಿಸುವ ಪದ್ಧತಿಯು ಬಹು ಪ್ರಾಚೀನವಾದುದು. ಈಜಿಪ್ಟಿನ ಗೋರಿಗಳಲ್ಲಿ ಮನುಷ್ಯರ ಕೂದಲಿನಿಂದ ಮಾಡಿದ ಟೋಪನ್ನುಗಳು ದೊರೆತಿವೆ. ರೋಮಿನ ಶ್ರೀಮಂತ ಸ್ತ್ರೀಯರು ಜರ್ಮನಿಯ ಹೆಂಗಸರ ಹೊಂಬಣ್ಣದ ಕೂದಲನ್ನು ತರಿಸಿ ಮುಡಿಗೆ ಸೇರಿಸಿಕೊಳ್ಳುತ್ತಿದ್ದರು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ಮೆರೆದ ಪುರುಷರ ಟೋಪನ್ನು ಯೂರೋಪಿನ ಇತರ ಅರಮನೆಗಳಿಗೂ ಇಂಗ್ಲೆಂಡಿನ ನ್ಯಾಯಾಲಯಗಳಿಗೂ ಹಬ್ಬಿತು. ೧೭೯೫ರಲ್ಲಿ ಇಂಗ್ಲೆಂಡಿನ ಸರಕಾರವು ಕೂದಲಿಗೆ ಹಚ್ಚುವ ಪುಡಿಯ ಮೇಲೆ ತೆರಿಗೆಯನ್ನೇ ವಿಧಿಸಿತು. ಈ ಸಂಗತಿಗಳು ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತವೇನಲ್ಲ. ಆದರೆ ನಮ್ಮ ಮನೆಗಳ ಹೆಂಗಸರು ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟುಕೊಳ್ಳುತ್ತಿದ್ದ ಚೌರಿಯನ್ನು ಕುರಿತು ನಾವು ವಿಚಾರ ಮಾಡಿದುದು ಕಡಮೆ. ಶಿವಮೊಗ್ಗ ನಗರ ಮತ್ತು ಭದ್ರಾವತಿಗಳನ್ನು ಕೇಂದ್ರವಾಗಿಟ್ಟುಕೊಂಡು ಆ ವಿಚಾರವನ್ನು ಆರಂಭಿಸುವುದೇ ಈ ಲೇಖನದ ಉದ್ದೇಶ.

ಇಲ್ಲಿ ಬಳಸುವ ಪದಗಳನ್ನು ಮೊದಲೇ ಸ್ಪಷ್ಟಪಡಿಸುವುದು ಒಳಿತು. ಜಡೆಯ ಉದ್ದವನ್ನಾಗಲಿ ದಪ್ಪವನ್ನಾಗಲಿ ಹೆಚ್ಚಿಸಲು ಸೇರಿಸುವ ಕೂದಲಿನ ಕಟ್ಟು ಚೌರಿ. ತಲೆಯನ್ನೆಲ್ಲ ಮುಚ್ಚುವಂತೆ ಬಲೆಯ ಮೇಲೆಯೋ ಬಟ್ಟೆಯ ಮೇಲೆಯೋ ಕೂದಲನ್ನು ಕಟ್ಟಿ ಮಾಡಿದುದು ಟೋಪನ್ನು. ಈಗ ಇದನ್ನೇ ವಿಗ್ ಎನ್ನುತ್ತಾರೆ. ಧರಿಸುವವರ ಕೂದಲಿಗೇ ಹೊಲಿದು, ಅಂಟಿಸಿ ಅಥವಾ ಕ್ಲಿಪ್ಪಿನಿಂದ ಸಿಕ್ಕಿಸಿ ವಾರಗಟ್ಟಲೆ ಉಳಿಸಿಕೊಳ್ಳುವ ವೀವ್, ಎಕ್ಸ್‌ಟೆನ್ಷನ್ ಮೊದಲಾದುವು ನಮ್ಮ ನಗರಗಳಿಗೆ ಇತ್ತೀಚೆಗೆ ಬಂದವು. ಇವೆಲ್ಲಕ್ಕೂ ಸಾಮಾನ್ಯವಾಗಿ 'ಎರವಲು ಕೂದಲು' ಎಂಬ ಹೆಸರನ್ನು ನಾವು ಬಳಸಿದ್ದೇವೆ. ಎರವಲು ಎಂದಮೇಲೆ ಕೊಟ್ಟವರೊಬ್ಬರು ಇರಲೇಬೇಕು. ಧರಿಸಿದವರ ಚಿತ್ರಗಳು ಇತಿಹಾಸದಲ್ಲಿ ಧಾರಾಳವಾಗಿ ಉಳಿದಿರುವಾಗ ಕೊಟ್ಟವರ ಗುರುತು ಏಕೆ ಅಳಿಸಿಹೋಗುತ್ತದೆ ಎಂಬುದೇ ನಮ್ಮ ಮುಖ್ಯ ಪ್ರಶ್ನೆ.

೧. ಶಬ್ದವಿಚಾರ

ಚೌರಿ ಎಂಬ ರೂಪದೊಡನೆ ಚವರಿ, ಚೌಲಿ ಎಂಬ ರೂಪಗಳೂ ಕನ್ನಡ ನಾಡಿನ ಬೇರೆ ಬೇರೆ ಕಡೆಗಳಲ್ಲಿ ಕೇಳಿಬರುತ್ತವೆ. ಇವುಗಳ ಮೂಲ ಸಂಸ್ಕೃತದ ಚಮರೀ ಶಬ್ದ. ಚಮರೀಮೃಗವೆಂದರೆ ಹಿಮಾಲಯದ ಎತ್ತರದ ಪ್ರದೇಶಗಳಲ್ಲಿರುವ, ನೀಳವಾದ ಕೂದಲಿನ ಬಾಲವುಳ್ಳ ಯಾಕ್ ಎಂಬ ಪ್ರಾಣಿ. ಅದರ ಬಾಲದ ಕೂದಲಿನಿಂದ ಮಾಡಿದುದು ಚಾಮರ. ಮಕಾರವು ವಕಾರವಾಗಿ ಚಮರಿಯು ಚವರಿಯಾಯಿತು. ಚವರಿಯು ಸಂಕುಚಿತವಾಗಿ ಚೌರಿಯಾಯಿತು. ರಕಾರ ಲಕಾರಗಳ ವ್ಯತ್ಯಾಸದಿಂದ ಚೌಲಿಯಾಯಿತು. ಮಗುವಿನ ಕೂದಲನ್ನು ಮೊದಲ ಬಾರಿಗೆ ತೆಗೆಯುವ ಚೌಲಕರ್ಮಕ್ಕೂ ಈ ಚೌಲಿಗೂ ಧ್ವನಿಸಾಮ್ಯವಿದ್ದರೂ ಸಂಬಂಧವಿಲ್ಲ. ಚೌಲವು ಚೂಡಾ ಶಬ್ದದಿಂದ ಬಂದುದು.

ತಮಿಳಿನ ಸವರಿ, ತೆಲುಗಿನ ಸವರಮು ಎಂಬ ಪದಗಳೂ ಇದೇ ಬಳಗಕ್ಕೆ ಸೇರಿದವು. ಮರಾಠಿಯ ಗಂಗಾವನ ಮತ್ತು ಮಲಯಾಳದ ತಿರುಪ್ಪನ್ ಎಂಬುವು ಮಾತ್ರ ಬೇರೆ ದಾರಿಯವು. ಭದ್ರಾವತಿಯಲ್ಲಿ ಈ ಮಾತಿಗೆ ವಿಶೇಷ ಬೆಲೆಯುಂಟು. ಬೆಂಕಿಪುರವೆಂದು ಹೆಸರಾಗಿದ್ದ ಆ ಊರಿನಲ್ಲಿ ೧೯೨೩ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನು ಆರಂಭಿಸಿತು. ೧೯೩೬ರಲ್ಲಿ ಮೈಸೂರು ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಇವುಗಳ ನಿಮಿತ್ತ ತಮಿಳು, ತೆಲುಗು, ಮಲಯಾಳ ಪ್ರದೇಶಗಳ ಕುಟುಂಬಗಳು ಬಂದು ನೆಲೆಸಿದವು. ಒಂದೇ ಸಂತೆಯಲ್ಲಿ ಒಂದೇ ವಸ್ತುವನ್ನು ನಾಲ್ಕು ಭಾಷೆಗಳಲ್ಲಿ ಕೇಳಿ ಕೊಳ್ಳುವ ಊರು ಅದಾಯಿತು. ಆ ನಾಲ್ಕರಲ್ಲಿ ಮೂರು ಭಾಷೆಗಳ ಹೆಸರೂ ಚಮರೀಮೃಗದ ಕಡೆಗೇ ಬೆರಳು ತೋರಿಸುತ್ತವೆ.

ವಸ್ತುವೋ ಬಹುತೇಕ ಮನುಷ್ಯರ ಕೂದಲು, ಹೆಸರೋ ಮೃಗದ್ದು. ಇದಕ್ಕೆ ಕಾರಣವೇನು? ಹಿಂದೆ ಯಾಕಿನ ಕೂದಲನ್ನೇ ಜಡೆಗೆ ಸೇರಿಸುತ್ತಿದ್ದರೆಂದೂ ಅನಂತರ ಅದರ ಸ್ಥಾನಕ್ಕೆ ಮನುಷ್ಯರ ಕೂದಲು ಬಂದಿತೆಂದೂ ಹೇಳಬಹುದು. ಆ ಕೂದಲು ನೀಳವಾಗಿಯೂ ಗಟ್ಟಿಯಾಗಿಯೂ ಇರುವುದರಿಂದ ಪಾಶ್ಚಾತ್ಯ ರಂಗಭೂಮಿಯ ಟೋಪನ್ನುಗಳಲ್ಲಿಯೂ ಅದು ಬಳಕೆಯಾಗಿದೆ. ಆದರೆ ವಸ್ತುವು ಬದಲಾದ ಮೇಲೂ ಹಳೆಯ ಹೆಸರೇ ನಿಂತುದಕ್ಕೆ ಇನ್ನೊಂದು ಕಾರಣವೂ ಇರಬಹುದೆಂದು ನಮಗೆ ತೋರುತ್ತದೆ. ಅದನ್ನು ಮೂರನೆಯ ಭಾಗದಲ್ಲಿ ವಿವೇಚಿಸುತ್ತೇವೆ.

೨. ಕಲ್ಲಿನ ಸಾಕ್ಷ್ಯ, ಛಾಯಾಚಿತ್ರದ ಸಾಕ್ಷ್ಯ

ಕೇಶಾಲಂಕಾರದ ಇತಿಹಾಸಕ್ಕೆ ನಮ್ಮ ವಿದ್ವಾಂಸರು ಸಾಮಾನ್ಯವಾಗಿ ಮೊರೆಹೋಗುವುದು ಶಿಲ್ಪಗಳನ್ನು. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯನ್ನು ಅರಿಯದವರಿಲ್ಲ. ಭದ್ರಾವತಿಯ ಹಳೆಯ ಊರಿನಲ್ಲಿಯೇ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ, ಅದು ತ್ರಿಕೂಟ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಸುತ್ತಲಿನ ಪ್ರದೇಶದಿಂದ ತಂದಿರಿಸಿದ ಶಿಲ್ಪಗಳನ್ನು ನೋಡಬಹುದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಶಿಲ್ಪಿಗಳ ಊರೆಂದೇ ಪ್ರಸಿದ್ಧವಾದುದು. ಇಂಥ ಶಿಲ್ಪಗಳಲ್ಲಿ ತುರುಬುಗಳು ಕೆಲವೆಡೆ ತಲೆಯಷ್ಟೇ ದೊಡ್ಡದಾಗಿ ಕಾಣುತ್ತವೆ.

ಆದರೆ ಕಲ್ಲಿನ ತುರುಬು ಸ್ವಂತ ಕೂದಲಿನದೋ ಸೇರಿಸಿದ ಕೂದಲಿನದೋ ಎಂಬುದನ್ನು ಶಿಲ್ಪವು ಹೇಳಲಾರದು. ಶಿಲ್ಪಿಯ ಉಳಿಗೆ ಎರಡೂ ಒಂದೇ. ಕಾವ್ಯಗಳ ವರ್ಣನೆಯೂ ಇಷ್ಟೇ. ಪಂಪ ರನ್ನರ ಕೃತಿಗಳಲ್ಲಿ ದ್ರೌಪದಿಯ ಮುಡಿಯು ಒಂದು ಮಹಾಯುದ್ಧದ ನಿಮಿತ್ತವಾಗಿ ನಿಲ್ಲುತ್ತದೆ. ಬಿಚ್ಚಿದ ಕೂದಲು ಅವಮಾನದ, ಕಟ್ಟಿದ ಮುಡಿ ಮಾನದ ಗುರುತಾಗುತ್ತದೆ. ಹೆಣ್ಣಿನ ಕೂದಲಿಗೆ ನಮ್ಮ ಸಮಾಜವು ಕೊಟ್ಟ ಅರ್ಥವನ್ನು ತಿಳಿಯಲು ಇವು ಸಹಾಯಕ. ಕೂದಲಿನ ವ್ಯವಹಾರವನ್ನು ತಿಳಿಯಲು ಸಹಾಯಕವಲ್ಲ.

ಈ ದೃಷ್ಟಿಯಿಂದ ಕಳೆದ ಶತಮಾನದ ಛಾಯಾಚಿತ್ರಗಳು ಹೆಚ್ಚು ಉಪಯುಕ್ತವಾಗಿವೆ. ಬೀರೂರಿನಿಂದ ಶಿವಮೊಗ್ಗಕ್ಕೆ ೧೮೯೯ರಲ್ಲಿ ರೈಲುಮಾರ್ಗವು ತೆರೆಯಿತು, ಪೇಟೆಯು ಬೆಳೆಯಿತು, ಕ್ರಮೇಣ ಛಾಯಾಚಿತ್ರಶಾಲೆಗಳೂ ಬಂದವು. ಮದುವೆಯಲ್ಲಿ, ಸೀಮಂತದಲ್ಲಿ, ಹೆಣ್ಣುಮಕ್ಕಳ ಇತರ ಸಂಭ್ರಮಗಳಲ್ಲಿ ಮೊಗ್ಗಿನ ಜಡೆ ಹೆಣೆಸಿ, ಸ್ಟುಡಿಯೋದಲ್ಲಿ ಹಿಂದೆ ದೊಡ್ಡ ಕನ್ನಡಿಯಿರಿಸಿ, ಮುಖವೂ ಜಡೆಯೂ ಒಟ್ಟಿಗೆ ಕಾಣುವಂತೆ ಚಿತ್ರ ತೆಗೆಸುವ ಪದ್ಧತಿಯು ಹಳೆಯ ಮೈಸೂರು ಸೀಮೆಯಲ್ಲೆಲ್ಲ ಇದ್ದಿತು. ಅಂಥ ಚಿತ್ರಗಳು ಇಂದಿಗೂ ಅನೇಕ ಮನೆಗಳ ಗೋಡೆಯ ಮೇಲಿವೆ. ಹತ್ತು ಹನ್ನೆರಡು ವರ್ಷದ ಹುಡುಗಿಯ ಜಡೆಯು ಸೊಂಟವನ್ನು ದಾಟಿ, ಕೊನೆಯಲ್ಲಿ ಕುಚ್ಚು ಇಳಿಬಿದ್ದಿರುವುದನ್ನು ಅವುಗಳಲ್ಲಿ ಕಾಣುತ್ತೇವೆ. ಮಲ್ಲಿಗೆಯ ಮೊಗ್ಗು, ಜಡೆಬಿಲ್ಲೆ, ನಾಗರ, ರಾಗಟೆ, ಕುಚ್ಚು ಇಷ್ಟರ ಭಾರವನ್ನು ಎಳೆಯ ಕೂದಲು ತಾಳಲಾರದು. ಆ ಭಾರವನ್ನು ಹೊರುತ್ತಿದ್ದುದು ಒಳಗೆ ಸೇರಿಸಿದ ಚೌರಿ. ಚಿತ್ರದಲ್ಲಿ ಹೂವೂ ಆಭರಣವೂ ಕಾಣುತ್ತವೆ. ಅವನ್ನು ಹೊತ್ತ ಚೌರಿಯು ಕಾಣುವುದಿಲ್ಲ. ಕಾಣದಂತೆ ಇರುವುದೇ ಅದರ ಗುಣವೆಂದು ಎಣಿಸಲಾಗಿತ್ತು.

೩. ಮಂಗಳವೂ ಮೈಲಿಗೆಯೂ

ತಲೆಯ ಮೇಲಿರುವ ಕೂದಲು ಮಂಗಳಕರ. ತಲೆಯಿಂದ ಬೇರೆಯಾದ ಕೂದಲು ಮೈಲಿಗೆ. ಈ ಎರಡು ನಂಬಿಕೆಗಳೂ ನಮ್ಮ ಸಮಾಜದಲ್ಲಿ ಒಟ್ಟಿಗೆ ಬಂದಿವೆ. ಕೂದಲು ಬಿದ್ದ ಅನ್ನವನ್ನು ಉಣ್ಣಬಾರದೆಂದು ಧರ್ಮಶಾಸ್ತ್ರಗಳು ಹೇಳುತ್ತವೆ. ಕ್ಷೌರವಾದ ಮೇಲೆ ಸ್ನಾನವಿಲ್ಲದೆ ಒಳಗೆ ಬರುವಂತಿಲ್ಲ. ಬಾಚಿದಾಗ ಉದುರಿದ ಕೂದಲನ್ನು ನೆಲದಲ್ಲಿ ಹಾರಾಡಲು ಬಿಡದೆ ಸುತ್ತಿ ಹೆಂಚಿನ ಸಂದಿಯಲ್ಲಿ ಸಿಕ್ಕಿಸುತ್ತಿದ್ದುದು ಮಲೆನಾಡಿನ ಮನೆಗಳಲ್ಲಿ ಸಾಮಾನ್ಯ ದೃಶ್ಯ. ಇಂಥ ಸಮಾಜದಲ್ಲಿ ಅನ್ಯರ ತಲೆಯಿಂದ ಬಂದ ಕೂದಲನ್ನು ಮದುವಣಗಿತ್ತಿಯ ಜಡೆಗೆ ಸೇರಿಸುವುದು ಹೇಗೆ ಸಾಧ್ಯವಾಯಿತು?

ಇದಕ್ಕೆ ಉತ್ತರವು ಭಾಗಶಃ ಆ ಹೆಸರಿನಲ್ಲಿಯೇ ಇದೆಯೆಂದು ನಾವು ಊಹಿಸುತ್ತೇವೆ. ಕತ್ತರಿಸಿದ ಕೂದಲುಗಳಲ್ಲಿ ಶುದ್ಧವೆಂದು ಮನ್ನಣೆ ಪಡೆದುದು ಚಮರಿಯ ಕೂದಲು. ದೇವರ ಮುಂದೆ ಚಾಮರ ಬೀಸುತ್ತಾರೆ; ಅರಸನ ಇಕ್ಕೆಲಗಳಲ್ಲಿ ಬೀಸುತ್ತಿದ್ದರು. ಹೊಸನಗರ ತಾಲ್ಲೂಕಿನ ಹುಂಚದ ಬಸದಿಗಳಲ್ಲಿ ಜಿನಬಿಂಬದ ಎರಡೂ ಪಕ್ಕದಲ್ಲಿ ಚಾಮರಧಾರಿಗಳು ನಿಂತಿರುತ್ತಾರೆ. ಕೇಶಲೋಚ ಮಾಡಿ ತನ್ನ ಕೂದಲನ್ನು ತಾನೇ ಕಿತ್ತು ತೊರೆದ ಜಿನನಿಗೂ ಚಮರಿಯ ಕೂದಲಿನ ಸೇವೆಯು ನಿಷಿದ್ಧವಾಗಲಿಲ್ಲ. ಹೀಗೆ ಪೂಜ್ಯವಾದ ವಸ್ತುವೊಂದರ ಹೆಸರನ್ನು ಹೊತ್ತುದರಿಂದ ಮನುಷ್ಯರ ಕೂದಲೂ ಮಡಿಯ ಮನೆಯೊಳಗೆ ಬರಲು ಅವಕಾಶವಾಯಿತು. ಇದು ಯಾರ ತಲೆಯದು ಎಂದು ಕೇಳುವ ಅಗತ್ಯವನ್ನೇ ಆ ಹೆಸರು ಇಲ್ಲದಂತೆ ಮಾಡಿತು. ಸಾಧ್ಯವಿದ್ದವರು ತಮ್ಮದೇ ಉದುರಿದ ಕೂದಲನ್ನು ವರ್ಷಗಟ್ಟಲೆ ಕೂಡಿಟ್ಟು ಚೌರಿ ಕಟ್ಟಿಸಿಕೊಳ್ಳುತ್ತಿದ್ದರು. ಅದೂ ಇದೇ ಸಂಕೋಚಕ್ಕೆ ಕಂಡುಕೊಂಡ ಇನ್ನೊಂದು ಪರಿಹಾರ.

ಈ ವಿಷಯದ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಬ್ರಾಹ್ಮಣ ಮನೆತನಗಳಲ್ಲಿ ವಿಧವೆಯರ ತಲೆ ಬೋಳಿಸುವ ಪದ್ಧತಿಯು ಇಪ್ಪತ್ತನೆಯ ಶತಮಾನದೊಳಕ್ಕೂ ಮುಂದುವರಿಯಿತು. ಸಕೇಶಿ, ವಿಕೇಶಿ ಎಂಬ ಎರಡು ಪದಗಳಿಂದ ಒಬ್ಬ ಹೆಂಗಸಿನ ಇಡೀ ಬಾಳನ್ನು ವಿಂಗಡಿಸಲಾಗುತ್ತಿತ್ತು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರು ೧೯೭೬ರಲ್ಲಿ ಪ್ರಕಟಿಸಿದ 'ಫಣಿಯಮ್ಮ' ಕಾದಂಬರಿಯ ನಾಯಕಿಯು ತಲೆ ಬೋಳಿಸಿಕೊಂಡು ಮಡಿಯಲ್ಲಿಯೇ ದೀರ್ಘಕಾಲ ಬದುಕಿದ ಬಾಲವಿಧವೆ. ೧೯೮೩ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವನ್ನಾಗಿ ಮಾಡಿದರು. ಅದೇ ತಾಲ್ಲೂಕಿನವರಾದ ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ, ಅದೇ ತಾಲ್ಲೂಕಿನವರಾದ ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ನಿರ್ದೇಶಿಸಿದ 'ಘಟಶ್ರಾದ್ಧ'ದ ಕೊನೆಯಲ್ಲಿಯೂ ತಲೆ ಬೋಳಿಸಿದ ಹೆಣ್ಣೊಬ್ಬಳನ್ನು ಕಾಣುತ್ತೇವೆ. ಒಂದೇ ತಾಲ್ಲೂಕಿನ ಮೂವರು ಕಲಾವಿದರು ಇದೇ ವಿಷಯಕ್ಕೆ ಬಂದುದು ಆ ಪದ್ಧತಿಯು ಇಲ್ಲಿ ಉಳಿಸಿಹೋದ ನೆನಪು ಎಷ್ಟು ಆಳವಾದುದೆಂಬುದನ್ನು ತೋರಿಸುತ್ತದೆ.

ಈ ಪದ್ಧತಿಯು ಎಲ್ಲ ಜಾತಿಗಳಲ್ಲಿಯೂ ಇರಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಬಹುಸಂಖ್ಯಾತ ಸಮುದಾಯಗಳಲ್ಲಿ ವಿಧವೆಯು ಹೂವನ್ನೂ ಕುಂಕುಮವನ್ನೂ ಕಳೆದುಕೊಳ್ಳುತ್ತಿದ್ದಳು, ಕೂದಲು ಉಳಿಯುತ್ತಿತ್ತು. ಆದರೆ ಪದ್ಧತಿಯಿದ್ದ ಮನೆಗಳಲ್ಲಿ ಒಂದು ವಿಚಿತ್ರ ಸನ್ನಿವೇಶವು ಸಾಧ್ಯವಿದ್ದಿತು. ಒಂದೇ ಸೂರಿನ ಕೆಳಗೆ ಮದುಮಗಳ ಜಡೆಗೆ ಚೌರಿ ಸೇರಿಸಿ ಉದ್ದ ಮಾಡುತ್ತಿದ್ದರು. ಅವಳ ಸೋದರತ್ತೆಯ ತಲೆಯನ್ನು ತಿಂಗಳು ತಿಂಗಳು ಬೋಳಿಸುತ್ತಿದ್ದರು. ಕೂದಲು ಕಡಮೆಯಿದ್ದ ಸುಮಂಗಲಿಗೆ ಎರವಲು ತರುವ ಹಕ್ಕಿತ್ತು. ಕೂದಲಿದ್ದ ವಿಧವೆಗೆ ತನ್ನದನ್ನು ಉಳಿಸಿಕೊಳ್ಳುವ ಹಕ್ಕಿರಲಿಲ್ಲ. ಆದಕಾರಣ ಚೌರಿಯನ್ನು ಕೇವಲ ಸೌಂದರ್ಯಸಾಧನವೆಂದು ವರ್ಣಿಸಿದರೆ ಇತಿಹಾಸವು ಅಪೂರ್ಣವಾಗುತ್ತದೆ. ಯಾರು ಕೂದಲನ್ನು ಹೊಂದಬಹುದು ಎಂಬುದನ್ನು ಸಮಾಜವು ನಿರ್ಣಯಿಸುತ್ತಿದ್ದ ಕಾಲದಲ್ಲಿ ಅದು ಅಧಿಕಾರದ ಚಿಹ್ನೆಯೂ ಆಗಿತ್ತು.

೪. ಆಯ್ಕೆ ಮತ್ತು ಪಾಲನೆ

ಚೌರಿಯನ್ನು ಆರಿಸುವುದೂ ಕಾಪಾಡುವುದೂ ಹೆಂಗಸರು ಒಬ್ಬರಿಂದೊಬ್ಬರು ಕಲಿತ ವಿದ್ಯೆ. ಅದರ ಹಿಂದಿರುವ ಕಾರಣಗಳನ್ನು ಈಗಿನ ತಿಳಿವಳಿಕೆಯ ಬೆಳಕಿನಲ್ಲಿ ಪರಿಶೀಲಿಸಿದರೆ ಆ ವಿದ್ಯೆಯು ಎಷ್ಟು ಸೂಕ್ಷ್ಮವಾಗಿತ್ತೆಂಬುದು ಗೊತ್ತಾಗುತ್ತದೆ.

ಕೂದಲಿನ ಎಳೆಯ ಮೇಲೆ ಬುಡದಿಂದ ತುದಿಯ ಕಡೆಗೆ ಮುಖಮಾಡಿದ, ಮೀನಿನ ಪೊರೆಯಂಥ ಅತಿಸೂಕ್ಷ್ಮ ಪದರಗಳಿರುತ್ತವೆ. ಎಲ್ಲ ಎಳೆಗಳ ಬುಡವೂ ಒಂದೇ ಕಡೆ ಇದ್ದರೆ ಕೂದಲು ನುಣುಪಾಗಿರುತ್ತದೆ. ಬುಡ ತುದಿಗಳು ಬೆರೆತರೆ ಪದರಗಳು ಒಂದನ್ನೊಂದು ಹಿಡಿದು ಗಂಟಾಗುತ್ತವೆ. ಒಂದೇ ತಲೆಯಿಂದ ಕಟ್ಟಾಗಿ ಕತ್ತರಿಸಿದ ಕೂದಲಿಗೆ ವ್ಯಾಪಾರದಲ್ಲಿ ರೆಮಿ ಎಂಬ ಹೆಸರಿದೆ. ಅದಕ್ಕೆ ಬೆಲೆ ಹೆಚ್ಚು. ಬಾಚಣಿಗೆಯಿಂದ ಉದುರಿದ ಕೂದಲು ಬೆರೆತುದು. ಅದನ್ನು ಕಾರ್ಖಾನೆಗಳಲ್ಲಿ ಆಮ್ಲದಿಂದ ತೊಳೆದು ಪದರವನ್ನು ತೆಗೆದು, ಸಿಲಿಕೋನ್ ಲೇಪಿಸಿ ನುಣುಪು ಮಾಡುವುದುಂಟು. ಅಂಥ ಕೂದಲು ಅಂಗಡಿಯಲ್ಲಿ ಹೊಳೆಯುತ್ತದೆ. ಕೆಲವು ಸಲ ತೊಳೆದ ಮೇಲೆ ಲೇಪನ ಹೋಗಿ ಗಂಟಿಕ್ಕುತ್ತದೆ. ಒಂದು ಎಳೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ಮೇಲಕ್ಕೂ ಕೆಳಕ್ಕೂ ಎಳೆದು ನೋಡುವುದು ಹಳೆಯ ಪರೀಕ್ಷೆ. ಒಂದು ಕಡೆ ನುಣುಪಾಗಿಯೂ ಇನ್ನೊಂದು ಕಡೆ ತುಸು ಒರಟಾಗಿಯೂ ತೋರಿದರೆ ಪದರವು ಉಳಿದಿದೆಯೆಂದು ತಿಳಿಯಬೇಕು.

ಮನುಷ್ಯರ ಕೂದಲೋ ನೂಲೋ ಎಂಬ ಅನುಮಾನ ಬಂದರೆ ಒಂದೆರಡು ಎಳೆಗಳನ್ನು ಸುಟ್ಟು ನೋಡಬಹುದು. ಕೂದಲಾದರೆ ಸುಟ್ಟ ಗರಿಯ ವಾಸನೆ ಬಂದು ಬೂದಿಯು ಪುಡಿಯಾಗುತ್ತದೆ. ಕೃತಕ ನೂಲಾದರೆ ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ಜಪಾನಿನಲ್ಲಿ ೧೯೫೭ರಲ್ಲಿ ಕಾನೆಕಲಾನ್ ಎಂಬ ಕೃತಕ ನೂಲಿನ ತಯಾರಿಕೆಯು ಆರಂಭವಾದ ಮೇಲೆ ಕೂದಲನ್ನು ಹೋಲುವ ಅಗ್ಗದ ಸಾಮಗ್ರಿಯು ಪ್ರಪಂಚದಲ್ಲೆಲ್ಲ ಹರಡಿತು. ಇಂದು ಶಿವಮೊಗ್ಗದ ಗಾಂಧಿಬಜಾರಿನಲ್ಲಾಗಲಿ ಜಾತ್ರೆಯ ಅಂಗಡಿಗಳಲ್ಲಾಗಲಿ ಕಡಮೆ ಬೆಲೆಗೆ ಸಿಕ್ಕುವ ಕಪ್ಪು ಚೌರಿಗಳು ಸಾಮಾನ್ಯವಾಗಿ ಇಂಥ ನೂಲಿನವೇ. ಒಂದು ದಿನದ ಸಮಾರಂಭಕ್ಕೆ ಅವು ಸಾಕು. ಆದರೆ ಬಿಸಿಯನ್ನು ತಾಳಲಾರವು.

ಪಾಲನೆಯ ಕ್ರಮವೂ ಇದೇ ರಚನೆಯನ್ನು ಅನುಸರಿಸಿದೆ. ಚೌರಿಯನ್ನು ಬಾಚುವಾಗ ತುದಿಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವಾಗಿ ಬುಡದ ಕಡೆಗೆ ಬರಬೇಕು. ತೊಳೆಯುವಾಗ ಉಜ್ಜದೆ ತೆಳುವಾದ ಸೀಗೆಕಾಯಿ ನೀರಿನಲ್ಲಾಗಲಿ ಸೌಮ್ಯವಾದ ಶಾಂಪುವಿನಲ್ಲಾಗಲಿ ಅದ್ದಿ, ಬುಡದ ಕಟ್ಟನ್ನು ಹಿಡಿದು ನೀರು ಸುರಿಯಬೇಕು. ನೆರಳಿನಲ್ಲಿ ತೂಗುಹಾಕಿ ಒಣಗಿಸಬೇಕು. ಎಣ್ಣೆಯನ್ನು ಅಂಗೈಗೆ ಸವರಿಕೊಂಡು ಹಚ್ಚಿದರೆ ಸಾಕು. ಹೆಚ್ಚಾದರೆ ಧೂಳು ಹಿಡಿಯುತ್ತದೆ. ಬೇರಿನಿಂದ ಬೇರೆಯಾದ ಕೂದಲಿಗೆ ತಲೆಯ ಚರ್ಮದ ಜಿಡ್ಡು ದೊರೆಯದ ಕಾರಣ ಎಣ್ಣೆಯಿಲ್ಲದೆಯೂ ಇರುವಂತಿಲ್ಲ. ಉಣ್ಣೆಯನ್ನು ತಿನ್ನುವ ಹುಳುಗಳು ಕೂದಲನ್ನೂ ತಿನ್ನುತ್ತವೆಯಾದ್ದರಿಂದ ಪೂರ್ಣವಾಗಿ ಒಣಗಿದ ಮೇಲೆಯೇ ಬಟ್ಟೆಯಲ್ಲಿ ಸುತ್ತಿ ಇಡಬೇಕು. ಒಣಗಿದ ಬೇವಿನ ಎಲೆಯನ್ನು ಜೊತೆಗಿರಿಸುವ ರೂಢಿಯು ಅರ್ಥಹೀನವಲ್ಲ.

ಹಳೆಯ ಚೌರಿಗೂ ಹೊಸ ವೀವ್ ಎಕ್ಸ್‌ಟೆನ್ಷನ್‌ಗಳಿಗೂ ಮುಖ್ಯ ಭೇದವೊಂದಿದೆ. ಚೌರಿಯನ್ನು ರಾತ್ರಿ ಬಿಚ್ಚಿಡುತ್ತಿದ್ದರು. ಹೊಲಿದ ಅಥವಾ ಅಂಟಿಸಿದ ಕೂದಲು ಹಗಲೂ ರಾತ್ರಿಯೂ ತೂಗುತ್ತದೆ. ಸತತವಾದ ಎಳೆತದಿಂದ ಹಣೆಯ ಮತ್ತು ಕಪೋಲದ ಅಂಚಿನ ಕೂದಲು ಉದುರುವುದೆಂದೂ, ಬಹುಕಾಲ ಮುಂದುವರಿದರೆ ಅದು ಮತ್ತೆ ಬೆಳೆಯದಿರಬಹುದೆಂದೂ ಚರ್ಮವೈದ್ಯರು ಎಚ್ಚರಿಸುತ್ತಾರೆ. ಆದ್ದರಿಂದ ನೋವಾಗುವಷ್ಟು ಬಿಗಿಯಾಗಿ ಕಟ್ಟಿಸದಿರುವುದೂ ನಡುನಡುವೆ ತಲೆಗೆ ಬಿಡುವು ಕೊಡುವುದೂ ಅವಶ್ಯಕ. ಬಿಚ್ಚಿಡುವ ಹಳೆಯ ರೂಢಿಯಲ್ಲಿ ಈ ವಿವೇಕವಿದ್ದಿತು.

೫. ರಂಗದ ಮೇಲೆ: ಜುಟ್ಟು, ಕ್ರಾಪು, ಟೋಪನ್ನು

ಮನೆಯಲ್ಲಿ ಮರೆಯಲ್ಲಿದ್ದ ಎರವಲು ಕೂದಲು ರಂಗದ ಮೇಲೆ ಬಹಿರಂಗವಾಗಿ ಬಂದಿತು. ಸಾಗರ, ಹೊಸನಗರ ಪ್ರದೇಶಗಳು ಬಡಗುತಿಟ್ಟಿನ ಯಕ್ಷಗಾನಕ್ಕೆ ನೆಲೆಯಾದವು. ರಾಜವೇಷಗಳಿಗೆ ಕಿರೀಟ, ಪುಂಡುವೇಷಗಳಿಗೆ ಕೇದಗೆ ಮುಂದಲೆ ಇದ್ದಂತೆ ಸ್ತ್ರೀವೇಷಕ್ಕೆ ಜಡೆಯು ಅವಶ್ಯಕವಾಗಿತ್ತು, ವೇಷಧಾರಿಯು ಪುರುಷ. ವೃತ್ತಿನಾಟಕ ಕಂಪನಿಗಳಲ್ಲಿಯೂ ಹೀಗೆಯೇ. ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯೇ ಮೊದಲಾದವುಗಳ ಆರಂಭದ ಕಾಲದಲ್ಲಿ ಪುರುಷರೇ ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದರು.

ಇಲ್ಲಿ ಒಂದು ಸಾಮಾಜಿಕ ಬದಲಾವಣೆಯನ್ನು ಗಮನಿಸಬೇಕು. ಹತ್ತೊಂಬತ್ತನೆಯ ಶತಮಾನದ ಪುರುಷರಲ್ಲಿ ಅನೇಕರಿಗೆ ಜುಟ್ಟು ಇದ್ದಿತು. ಉದ್ದವಾದ ಜುಟ್ಟಿಗೆ ಚೌರಿಯನ್ನು ಸೇರಿಸಿ ಹೆಣೆದರೆ ಹೆಣ್ಣಿನ ಜಡೆಯಾಗುತ್ತಿತ್ತು. ಮುಂದಲೆಯನ್ನು ಸೆರಗಿನಿಂದಲೋ ಆಭರಣದಿಂದಲೋ ಮುಚ್ಚಿದರೆ ಸಾಕಾಗುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಶಾಲೆ, ಕಚೇರಿ, ಕಾರ್ಖಾನೆಗಳ ಪರಿಸರದಲ್ಲಿ ಕ್ರಾಪು ಹಬ್ಬಿತು. ಚೌರಿಯನ್ನು ಕಟ್ಟುವುದಕ್ಕೆ ಆಧಾರವಾಗಿದ್ದ ಜುಟ್ಟು ಇಲ್ಲವಾಯಿತು. ಆಗ ತಲೆಯನ್ನೆಲ್ಲ ಮುಚ್ಚುವ ಟೋಪನ್ನು ಅನಿವಾರ್ಯವಾಯಿತು. ರಂಗಭೂಮಿಯ ಟೋಪನ್ನಿನ ಪ್ರಚಾರಕ್ಕೆ ಪಾಶ್ಚಾತ್ಯ ನಾಟಕಗಳ ಅನುಕರಣೆಯೊಂದೇ ಕಾರಣವೆಂದು ಹೇಳುವುದಕ್ಕಿಂತ ನಟನ ತಲೆಯಲ್ಲಾದ ಈ ಬದಲಾವಣೆಯನ್ನೂ ಪರಿಗಣಿಸುವುದು ಯುಕ್ತ.

ಟೋಪನ್ನಿನ ತಯಾರಿಕೆಯು ತಾಳ್ಮೆಯ ಕೆಲಸ. ತಲೆ ಅಳತೆಯ ಬಲೆಯ ಮೇಲೆ ಕೊಕ್ಕೆಯಂಥ ಸೂಜಿಯಿಂದ ಒಂದೆರಡು ಎಳೆಗಳನ್ನು ಒಮ್ಮೆಗೆ ಗಂಟು ಹಾಕುತ್ತ ಹೋಗಬೇಕು. ನಾಟಕದ ಬೆವರು, ಬಣ್ಣ, ಅಂಟುಗಳಿಂದ ಅದು ಬೇಗ ಕೆಡುತ್ತದೆ. ಪ್ರದರ್ಶನವಾದೊಡನೆ ಅಂಚಿನ ಅಂಟನ್ನು ತೆಗೆದು, ಗಾಳಿಗೆ ಆರಲು ಬಿಟ್ಟು, ತಲೆಯ ಆಕಾರದ ಅಚ್ಚಿನ ಮೇಲೆ ಇಡುವುದು ಕ್ರಮ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಆರಂಭವಾದ ನೀನಾಸಮ್ ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಕಂಪನಿಗಳಲ್ಲಿ ಹಿರಿಯರನ್ನು ನೋಡಿ ಕಲಿಯಬೇಕಾಗಿದ್ದ ಪ್ರಸಾಧನವು ಹೀಗೆ ನಮ್ಮ ಜಿಲ್ಲೆಯಲ್ಲಿಯೇ ಕ್ರಮಬದ್ಧವಾದ ಪಾಠದ ವಿಷಯವಾಯಿತು.

೬. ಕೂದಲಿನ ದಾರಿ

ಬೀದಿಗಳಲ್ಲಿ ಕೂದಲು ಕೊಳ್ಳುತ್ತ ಬರುವವರನ್ನು ಶಿವಮೊಗ್ಗ ಭದ್ರಾವತಿಗಳ ನಿವಾಸಿಗಳು ಬಲ್ಲರು. ಅಲೆಮಾರಿ ಸಮುದಾಯಗಳವರು ಕೂಡಿಟ್ಟ ಉದುರುಗೂದಲನ್ನು ಪಡೆದು ಪಾತ್ರೆ, ಪಿನ್ನು, ಬಾಚಣಿಗೆ ಅಥವಾ ಹಣವನ್ನು ಕೊಡುತ್ತಾರೆ. ಕರ್ನಾಟಕದಲ್ಲಿ ಇಂಥ ಕೂದಲು ಸೇರುವ ದೊಡ್ಡ ಕೇಂದ್ರವೆಂದರೆ ಕೊಪ್ಪಳ ನಗರಕ್ಕೆ ಹೊಂದಿಕೊಂಡಿರುವ ಭಾಗ್ಯನಗರ. ಅಲ್ಲಿ ಮುಖ್ಯವಾಗಿ ಹೆಂಗಸರು ಕೂದಲಿನ ಉಂಡೆಗಳನ್ನು ಸೂಜಿಯಿಂದ ಬಿಡಿಸಿ, ಬಾಚಿ, ತೊಳೆದು, ಅಂಗುಲಗಳ ಅಳತೆಯಲ್ಲಿ ವಿಂಗಡಿಸುತ್ತಾರೆ. ಧೂಳಿನ ನಡುವೆ ದಿನವಿಡೀ ಕುಳಿತು ಮಾಡುವ ಕೆಲಸವದು. ಕಪ್ಪು, ನೆರೆತ, ಗಿಡ್ಡ, ಉದ್ದ ಎಂಬ ವಿಂಗಡಣೆಯ ನಂತರ ಅದು ಯಾವ ಊರಿನಿಂದ ಬಂದಿತೆಂಬುದರ ಗುರುತು ಸ್ವಲ್ಪವೂ ಉಳಿಯುವುದಿಲ್ಲ.

ಇನ್ನೊಂದು ಮೂಲವು ಹರಕೆಯ ಮುಡಿ. ತಿರುಮಲೆಗೆ ಹೋಗಿ ಮುಡಿ ಕೊಡುವವರಲ್ಲಿ ಕನ್ನಡಿಗರು ಬಹಳ. ಅಲ್ಲಿನ ಕೂದಲು ಹರಾಜಿನ ಮೂಲಕ ಮಾರಾಟವಾಗಿ ದೇವಸ್ಥಾನಕ್ಕೆ ವರಮಾನವಾಗುತ್ತದೆ. ಉದ್ದವಾದ, ಬುಡ ತುದಿ ಬೆರೆಯದ ಈ ಕೂದಲಿಗೆ ಪರದೇಶಗಳಲ್ಲಿ ಬೇಡಿಕೆಯಿದೆ. ೧೯೬೦ರ ದಶಕದ ನಡುವಿನಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನವು ರಾಜಕೀಯ ಕಾರಣದಿಂದ ಚೀನಾದ ಕೂದಲಿನ ಆಮದನ್ನು ನಿಷೇಧಿಸಿದಾಗ ಭಾರತದ ಕೂದಲಿನ ಪ್ರಾಮುಖ್ಯ ಹೆಚ್ಚಿತು. ೨೦೦೪ರಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ವಿವಾಹಿತ ಸ್ತ್ರೀಯರು ಸ್ವಂತ ಕೂದಲನ್ನು ಮರೆಮಾಡಲು ಟೋಪನ್ನು ಧರಿಸುವ ಪದ್ಧತಿಯು ಸಂಪ್ರದಾಯಸ್ಥ ಯೆಹೂದಿಗಳಲ್ಲಿದೆ. ಭಾರತದ ದೇವಸ್ಥಾನಗಳ ಕೂದಲು ಅನ್ಯದೇವತೆಗೆ ಅರ್ಪಿತವಾದುದೆಂದೂ ಅದನ್ನು ಧರಿಸಬಾರದೆಂದೂ ಜೆರೂಸಲೇಮಿನ ಧರ್ಮಗುರುವೊಬ್ಬರು ನಿರ್ಣಯ ಕೊಟ್ಟರು. ಜೆರೂಸಲೇಮಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಜನರು ಟೋಪನ್ನುಗಳನ್ನು ಬೀದಿಯಲ್ಲಿ ಸುಟ್ಟರು. ಕೂದಲು ಎಲ್ಲಿಂದ ಬಂದಿತು ಎಂಬ ಪ್ರಶ್ನೆಯನ್ನು ಧರಿಸಿದವರೇ ಎತ್ತಿದ ಅಪೂರ್ವ ಸಂದರ್ಭವಿದು. ಆದರೆ ಆಗಲೂ ಚರ್ಚೆಯಾದುದು ಅದನ್ನು ಸ್ವೀಕರಿಸಿದ ದೇವರ ವಿಷಯ; ಕೊಟ್ಟ ಹೆಂಗಸಿನ ವಿಷಯವಲ್ಲ.

ಕಚ್ಚಾ ಕೂದಲು ಕಳ್ಳದಾರಿಯಿಂದ ಹೊರದೇಶಗಳಿಗೆ ಹೋಗಿ ಇಲ್ಲಿನ ಕೆಲಸಗಾರರ ಕೂಲಿಗೆ ಧಕ್ಕೆಯಾಗುತ್ತಿದೆಯೆಂಬ ದೂರುಗಳ ಮೇಲೆ ಭಾರತ ಸರಕಾರವು ೨೦೨೨ರ ಜನವರಿಯಲ್ಲಿ ಅದರ ರಫ್ತನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿತು. ಉದುರಿದ ಕೂದಲಿನ ಉಂಡೆಯೊಂದು ಹೀಗೆ ಹೆಂಚಿನ ಸಂದಿಯಿಂದ ರಾಷ್ಟ್ರದ ವಾಣಿಜ್ಯನೀತಿಯವರೆಗೆ ಬಂದುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳೂ ಗಮನಿಸಬೇಕು.

೭. ಉಪಸಂಹಾರ

ಎರವಲು ಕೂದಲಿನ ಅವಶ್ಯಕತೆಯು ಇಂದು ಹೊಸ ರೂಪದಲ್ಲಿ ಕಾಣಿಸಿಕೊಂಡಿದೆ. ಅರ್ಬುದರೋಗಕ್ಕೆ ಕೊಡುವ ಕೆಲವು ಔಷಧಿಗಳಿಂದ ಚಿಕಿತ್ಸೆ ಆರಂಭವಾದ ಎರಡು ಮೂರು ವಾರಗಳಲ್ಲಿ ತಲೆಗೂದಲು ಉದುರುತ್ತದೆ; ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ನಡುವಿನ ತಿಂಗಳುಗಳಲ್ಲಿ ಟೋಪನ್ನು ಬೇಕೆನ್ನುವವರಿಗೆ ಕೂದಲು ಇರುವಾಗಲೇ ಬಣ್ಣ, ಅಳತೆಗಳನ್ನು ನೋಡಿ ಆರಿಸಿಕೊಳ್ಳುವುದು ಅನುಕೂಲ. ಒಳಗಡೆ ಮೃದುವಾದ ಹತ್ತಿಯ ಟೋಪಿಯಿದ್ದರೆ ನವೆಯೂ ಗಾಯವೂ ಕಡಮೆಯಾಗುತ್ತವೆ. ಇಂಥವರಿಗಾಗಿ ಕೂದಲನ್ನು ದಾನಮಾಡುವ ತರುಣ ತರುಣಿಯರು ನಮ್ಮ ಕಾಲೇಜುಗಳಲ್ಲಿಯೂ ಇದ್ದಾರೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುವುದರಿಂದ ಹನ್ನೆರಡು ಅಂಗುಲದ ದಾನವೆಂದರೆ ಸುಮಾರು ಎರಡೂವರೆ ವರ್ಷಗಳ ಬೆಳವಣಿಗೆ. ಒಂದು ಟೋಪನ್ನಿಗೆ ಹಲವರ ಕೂದಲು ಬೇಕು.

ಕೂದಲಿಲ್ಲದ ಹೆಣ್ಣನ್ನು ನೋಡುವ ನಮ್ಮ ಸಮಾಜದ ದೃಷ್ಟಿಯಲ್ಲಿ ವಿಕೇಶಿಯ ನೆನಪು ಇನ್ನೂ ಅಡಗಿದೆ. ರೋಗಕ್ಕಿಂತ ಆ ದೃಷ್ಟಿಗೇ ಹೆಚ್ಚು ಅಂಜಿ ಹೊರಗೆ ಬಾರದಿರುವವರುಂಟು. ಟೋಪನ್ನು ಧರಿಸುವುದೂ ಧರಿಸದಿರುವುದೂ ಆಕೆಯ ಇಚ್ಛೆಗೆ ಸೇರಿದ್ದೆಂದು ಒಪ್ಪುವುದು, ಮೂರು ತಲೆಮಾರುಗಳ ಹಿಂದೆ ಈ ಜಿಲ್ಲೆಯ ಹೆಂಗಸರಿಗೆ ನಿರಾಕರಿಸಿದುದನ್ನು ಈಗಲಾದರೂ ಒಪ್ಪಿದಂತೆ.

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು: ಚೌರಿ ಎಂಬ ಹೆಸರು ಕೂದಲಿನ ಮಾನವಮೂಲವನ್ನು ಮರೆಮಾಡಿತು, ಜಡೆಯ ಹೆಣಿಗೆಯು ಚೌರಿಯನ್ನು ಮರೆಮಾಡಿತು, ವ್ಯಾಪಾರದ ವಿಂಗಡಣೆಯು ಊರನ್ನೂ ವ್ಯಕ್ತಿಯನ್ನೂ ಮರೆಮಾಡಿತು. ಈ ಮರೆಯನ್ನು ಸರಿಸಲು ಶಾಸನಗಳೂ ಕಾವ್ಯಗಳೂ ಸಾಲವು. ಮೊಗ್ಗಿನ ಜಡೆಯ ಹಳೆಯ ಚಿತ್ರಗಳನ್ನು ವರ್ಷ ಮತ್ತು ಸಂದರ್ಭಗಳೊಡನೆ ಸಂಗ್ರಹಿಸುವುದು, ಚೌರಿ ಕಟ್ಟಿದ ಮತ್ತು ಮಾರಿದ ಹಿರಿಯರ ಮಾತುಗಳನ್ನು ದಾಖಲಿಸುವುದು, ಕಂಪನಿ ನಾಟಕಗಳ ಪ್ರಸಾಧನ ಸಾಮಗ್ರಿಗಳನ್ನು ಗುರುತಿಸಿ ರಕ್ಷಿಸುವುದು, ಬೀದಿಯಲ್ಲಿ ಕೂದಲು ಕೊಳ್ಳುವವರ ಜೀವನವನ್ನು ಅಭ್ಯಸಿಸುವುದು ಇವು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸಗಳು. ಆ ಹಿರಿಯರಲ್ಲಿ ಅನೇಕರಿಗೆ ಎಂಬತ್ತು ದಾಟಿರುವುದರಿಂದ ಈ ಕಾರ್ಯವನ್ನು ತಡಮಾಡದೆ ಆರಂಭಿಸಬೇಕೆಂಬುದು ನಮ್ಮ ಸೂಚನೆ.